ಕೆರೆಗೊಡಗೆಯಿಂದ ಸಂಶೋಧನಾನುದಾನದವರೆಗೆ: ಪ್ರಾದೇಶಿಕ ವಿಜ್ಞಾನ ಸಾಮರ್ಥ್ಯದ ಪ್ರಶ್ನೆ

ಕನ್ನಡ ಶಾಸನಗಳನ್ನು ಓದುವ ವಿದ್ಯಾರ್ಥಿಗಳಿಗೆ ‘ದತ್ತಿ’ ಹೊಸ ಪದವಲ್ಲ. ಉಂಬಳಿ, ಮಾನ್ಯ, ಕೊಡಗೆ, ಬಿತ್ತುವಟ್ಟ ಮೊದಲಾದ ಪದಗಳು ಶಾಸನಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ. ಇವೆಲ್ಲವೂ ಕೊಡುವುದನ್ನೇ ಸೂಚಿಸುತ್ತವೆಯಾದರೂ ಕೊಡುವುದರ ಉದ್ದೇಶ ಒಂದೇ ಅಲ್ಲ. ಕಾಳಗದಲ್ಲಿ ಮಡಿದ ವೀರನ ಮನೆಯವರಿಗೆ ಬಿಟ್ಟ ನೆತ್ತರುಗೊಡಗೆ ಆಗಿಹೋದ ಕಾರ್ಯಕ್ಕೆ ಸಂದ ಮನ್ನಣೆ. ಕೆರೆಯನ್ನು ಕಟ್ಟುವ, ಹೂಳೆತ್ತುವ, ಏರಿಯನ್ನು ಕಾಪಾಡುವ ಕೆಲಸಕ್ಕಾಗಿ ಬಿಟ್ಟ ಕೆರೆಗೊಡಗೆಯಾದರೋ ಮುಂದೆ ಆಗಬೇಕಾದ ಕಾರ್ಯಕ್ಕೆ ಒದಗಿಸಿದ ಆಧಾರ. ಒಂದು ಹಿಂದಕ್ಕೆ ನೋಡುತ್ತದೆ, ಇನ್ನೊಂದು ಮುಂದಕ್ಕೆ ನೋಡುತ್ತದೆ.

ವಿದ್ಯೆಗೆ ಸಂಬಂಧಿಸಿದ ದತ್ತಿಗಳಲ್ಲಿಯೂ ಈ ಮುನ್ನೋಟವನ್ನು ಕಾಣಬಹುದು. ಇಂದಿನ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿಗೆ ಸೇರಿದ ಸಾಲೋಟಗಿ, ಸೊಲ್ಲಾಪುರ ಮತ್ತು ಅಕ್ಕಲಕೋಟೆಗಳಿಂದ ಹೆಚ್ಚು ದೂರದ ಊರಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಅಲ್ಲಿನ ಶಾಸನವು ಒಂದು ವಿದ್ಯಾಶಾಲೆಗೆ ಬಿಟ್ಟ ದತ್ತಿಯನ್ನು ವಿವರಿಸುತ್ತದೆ. ಶಾಲೆಯ ನಿರ್ವಹಣೆಗೆ ಭೂಮಿ, ನಾನಾ ನಾಡುಗಳಿಂದ ಬರುವ ವಿದ್ಯಾರ್ಥಿಗಳಿಗೆ ಮನೆಗಳು, ದೀಪದ ವೆಚ್ಚಕ್ಕೆ ಬೇರೆಯೇ ಭೂಮಿ ಎಂಬ ವಿಂಗಡಣೆ ಅದರಲ್ಲಿದೆ. ಕಟ್ಟಡವೊಂದನ್ನು ಎಬ್ಬಿಸಿದರೆ ವಿದ್ಯೆ ನೆಲೆಗೊಳ್ಳುವುದಿಲ್ಲ, ದೀಪಕ್ಕೆ ಎಣ್ಣೆಯೂ ವರ್ಷವರ್ಷ ಒದಗಬೇಕು ಎಂಬ ವ್ಯವಹಾರಜ್ಞಾನ ಇಲ್ಲಿ ಕೆಲಸಮಾಡಿದೆ.

ಆಧುನಿಕ ಸರ್ಕಾರಗಳು ವಿಜ್ಞಾನ ಸಂಶೋಧನೆಗೆ ನೀಡುವ ಅನುದಾನವನ್ನು ಅರ್ಥಮಾಡಿಕೊಳ್ಳಲು ಈ ಹಳೆಯ ವ್ಯತ್ಯಾಸ ಸಹಾಯಕವಾಗುತ್ತದೆ. ಸಾರ್ವಜನಿಕರ ಹಣ ಈಗಾಗಲೇ ಸಾಧಿಸಿದವರ ಕೈಗೆ ಹೋಗಬೇಕೋ, ಸಾಧನೆಯ ನೆಲೆಯೇ ಇಲ್ಲದ ಪ್ರದೇಶದಲ್ಲಿ ನೆಲೆಯನ್ನು ಕಟ್ಟಲು ಹೋಗಬೇಕೋ ಎಂಬುದು ಇಂದಿನ ವಿಜ್ಞಾನನೀತಿಯ ಮುಖ್ಯ ಪ್ರಶ್ನೆಗಳಲ್ಲಿ ಒಂದು. ರಾಜಧಾನಿಗಳಿಂದ ದೂರವಿರುವ ಗಡಿನಾಡುಗಳಿಗೆ ಇದು ದೂರದ ಪ್ರಶ್ನೆಯಲ್ಲ.

ಎರಡು ಬಗೆಯ ಅನುದಾನ

ಸಂಶೋಧನಾನುದಾನಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಯೋಜನಾನುದಾನ. ಒಬ್ಬ ವಿಜ್ಞಾನಿ ಒಂದು ನಿರ್ದಿಷ್ಟ ಸಮಸ್ಯೆಯನ್ನು ಆರಿಸಿಕೊಂಡು ಪ್ರಸ್ತಾವನೆ ಸಲ್ಲಿಸುತ್ತಾನೆ. ಅದೇ ಕ್ಷೇತ್ರದ ತಜ್ಞರು ಅದನ್ನು ಪರಿಶೀಲಿಸುತ್ತಾರೆ. ಮೇಲ್ಮಟ್ಟದ್ದೆಂದು ಕಂಡರೆ ಸಾಮಾನ್ಯವಾಗಿ ಕೆಲವೇ ವರ್ಷಗಳ ಅವಧಿಗೆ ಹಣ ದೊರೆಯುತ್ತದೆ. ಎರಡನೆಯದು ಸಾಮರ್ಥ್ಯಾನುದಾನ. ಇದು ಒಂದು ಸಮಸ್ಯೆಗೆ ಉತ್ತರ ಹುಡುಕುವುದಕ್ಕಲ್ಲ, ಉತ್ತರ ಹುಡುಕಬಲ್ಲ ನೆಲೆಯನ್ನು ನಿರ್ಮಿಸುವುದಕ್ಕೆ ಕೊಡುವ ಹಣ. ಪ್ರಯೋಗಾಲಯ, ಉಪಕರಣ, ಗ್ರಂಥಾಲಯ, ಹೊಸ ಅಧ್ಯಾಪಕರ ನೇಮಕ, ಸಂಶೋಧನಾರ್ಥಿಗಳ ತರಬೇತಿ ಇವು ಅದರ ವ್ಯಾಪ್ತಿಗೆ ಬರುತ್ತವೆ.

ಯೋಜನಾನುದಾನದ ನ್ಯಾಯ ಮೇಲ್ನೋಟಕ್ಕೆ ನಿರಾಕ್ಷೇಪವಾದುದು. ಯೋಗ್ಯತೆಯೊಂದೇ ಅಲ್ಲಿನ ಮಾನದಂಡ. ಆದರೆ ಯೋಗ್ಯತೆಯನ್ನು ಅಳೆಯುವಾಗ ಪರಿಶೀಲಕರ ಮುಂದಿರುವುದೇನು? ಅರ್ಜಿದಾರನ ಹಿಂದಿನ ಪ್ರಕಟಣೆಗಳು, ಅವನ ಸಂಸ್ಥೆಯಲ್ಲಿರುವ ಉಪಕರಣಗಳು, ಜೊತೆಗಿರುವ ಸಹೋದ್ಯೋಗಿಗಳು. ಇವೆಲ್ಲವೂ ಹಿಂದೆ ದೊರೆತ ಅನುದಾನದ ಫಲಗಳೇ. ಹೀಗಾಗಿ ಹಿಂದಿನ ಅನುದಾನವು ಮುಂದಿನ ಅನುದಾನಕ್ಕೆ ಅರ್ಹತೆಯಾಗಿ ಪರಿಣಮಿಸುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮನ್ನಣೆ ಪಡೆದವರಿಗೇ ಮತ್ತಷ್ಟು ಮನ್ನಣೆ ಸಲ್ಲುವ ಈ ಪ್ರವೃತ್ತಿಯನ್ನು ‘ಮತ್ತಾಯ ಪರಿಣಾಮ’ ಎಂದು ಹೆಸರಿಸಿದನು. ಉಳ್ಳವನಿಗೆ ಇನ್ನಷ್ಟು ಕೊಡಲ್ಪಡುವುದು ಎಂಬ ಅರ್ಥದ ಮಾತು ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ ಬರುವುದರಿಂದ ಆ ಹೆಸರು ಬಂದಿತು. ಪರಿಶೀಲಕರು ಪಕ್ಷಪಾತಿಗಳಾಗಿರಬೇಕಿಲ್ಲ, ಎಲ್ಲರೂ ಪ್ರಾಮಾಣಿಕರಾಗಿದ್ದರೂ ಹಣ ಕೆಲವೇ ಕೇಂದ್ರಗಳಲ್ಲಿ ಶೇಖರವಾಗುತ್ತದೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಅಮೆರಿಕದ ಪ್ರಯೋಗ

ಈ ಸಮಸ್ಯೆಯನ್ನು ನೇರವಾಗಿ ಎದುರಿಸಿದ ದೇಶಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಅನುಭವ ಅಧ್ಯಯನಯೋಗ್ಯವಾಗಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಲ್ಲಿ ಎರಡು ವಾದಗಳು ಎದುರುಬದುರಾಗಿದ್ದವು. ವನೀವರ್ ಬುಷ್ 1945ರಲ್ಲಿ ಅಧ್ಯಕ್ಷರಿಗೆ ಸಲ್ಲಿಸಿದ ವರದಿಯು, ಮೂಲವಿಜ್ಞಾನಕ್ಕೆ ಸರ್ಕಾರ ಹಣ ಕೊಡಬೇಕು, ಆಯ್ಕೆಯನ್ನು ವಿಜ್ಞಾನಿಗಳಿಗೇ ಬಿಡಬೇಕು ಎಂದು ಪ್ರತಿಪಾದಿಸಿತು. ಪಶ್ಚಿಮ ವರ್ಜೀನಿಯಾದ ಸೆನೆಟರ್ ಹಾರ್ಲಿ ಕಿಲ್ಗೋರ್, ಸಾರ್ವಜನಿಕ ಹಣದ ಒಂದು ಭಾಗ ಎಲ್ಲ ರಾಜ್ಯಗಳಿಗೂ ಹಂಚಿಕೆಯಾಗಬೇಕೆಂದು ವಾದಿಸಿದನು. 1950ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ವ್ಯವಸ್ಥೆಯಲ್ಲಿ ಬುಷ್‌ನ ವಾದವೇ ಮೇಲುಗೈ ಪಡೆಯಿತು. ಆದರೂ ಸಂಶೋಧನೆ ಅನುಚಿತವಾಗಿ ಒಂದೆಡೆ ಕೇಂದ್ರೀಕೃತವಾಗುವುದನ್ನು ತಪ್ಪಿಸಬೇಕೆಂಬ ಆಶಯಕ್ಕೆ ಅದರ ಶಾಸನದಲ್ಲಿ ಸ್ಥಾನ ದೊರೆಯಿತು.

ಆಶಯ ಕಾಗದದಲ್ಲಿ ಉಳಿದು ಸುಮಾರು ಮೂರು ದಶಕಗಳು ಕಳೆದವು. 1978ರಲ್ಲಿ ಪ್ರತಿಷ್ಠಾನವು ‘ಎಪ್ಸ್‌ಕೋರ್’ ಎಂಬ ಹೆಸರಿನ ಕಾರ್ಯಕ್ರಮಕ್ಕೆ ಒಪ್ಪಿಗೆ ನೀಡಿತು. ಸ್ಪರ್ಧಾತ್ಮಕ ಸಂಶೋಧನೆಗೆ ಉತ್ತೇಜನ ಕೊಡುವ ಪ್ರಾಯೋಗಿಕ ಯೋಜನೆ ಎಂಬುದು ಅದರ ಅರ್ಥ. 1980ರಲ್ಲಿ ಮೊದಲ ಅನುದಾನಗಳು ಐದು ರಾಜ್ಯಗಳಿಗೆ ಸಂದವು: ಅರ್ಕಾನ್ಸಾ, ಮೇಯ್ನ್, ಮೊಂಟಾನಾ, ದಕ್ಷಿಣ ಕೆರೊಲೈನಾ ಮತ್ತು ಪಶ್ಚಿಮ ವರ್ಜೀನಿಯಾ. ಮೂರೂವರೆ ದಶಕಗಳ ಹಿಂದೆ ಕಿಲ್ಗೋರ್ ಪ್ರತಿನಿಧಿಸಿದ್ದ ರಾಜ್ಯವೇ ಆ ಮೊದಲ ಪಟ್ಟಿಯಲ್ಲಿತ್ತು.

ಈ ಕಾರ್ಯಕ್ರಮದ ರಚನೆಯಲ್ಲಿ ಮೂರು ಅಂಶಗಳು ಮುಖ್ಯ. ಮೊದಲನೆಯದಾಗಿ, ಅರ್ಹತೆಗೆ ಒಂದು ಅಳತೆ ಇದೆ. ಪ್ರತಿಷ್ಠಾನದ ಸಂಶೋಧನಾ ಹಣದಲ್ಲಿ ಶೇಕಡಾ 0.75 ಅಥವಾ ಅದಕ್ಕಿಂತ ಕಡಿಮೆ ಪಾಲು ಪಡೆಯುವ ರಾಜ್ಯಗಳನ್ನು ಅರ್ಹವೆಂದು ಪರಿಗಣಿಸುವ ಪದ್ಧತಿ ಬೆಳೆದುಬಂದಿತು. ಎರಡನೆಯದಾಗಿ, ಹಣ ಬರುವುದು ಒಬ್ಬ ವಿಜ್ಞಾನಿಯ ಹೆಸರಿಗಲ್ಲ. ರಾಜ್ಯಮಟ್ಟದ ಸಮಿತಿಯೊಂದು ತನ್ನ ಪ್ರದೇಶಕ್ಕೆ ಬೇಕಾದುದನ್ನು ಯೋಚಿಸಿ ಯೋಜನೆ ರೂಪಿಸಬೇಕು. ಮೂರನೆಯದಾಗಿ, ರಾಜ್ಯವೂ ತನ್ನ ಪಾಲಿನ ಹೊಣೆಯನ್ನು ಹೊರಬೇಕೆಂಬ ನಿರೀಕ್ಷೆ ಅದರೊಡನೆ ಬೆಳೆಯಿತು. ನಿರಂತರವಾಗಿ ಕೈಹಿಡಿದು ನಡೆಸುವುದು ಇದರ ಗುರಿಯಲ್ಲ. ಸ್ವಲ್ಪ ಕಾಲದ ಬಳಿಕ ಆ ರಾಜ್ಯದ ವಿಜ್ಞಾನಿಗಳು ಉಳಿದವರೊಡನೆ ಸಮಸಮವಾಗಿ ಸ್ಪರ್ಧಿಸಿ ಯೋಜನಾನುದಾನಗಳನ್ನು ಗಳಿಸಬೇಕು ಎಂಬುದೇ ಗುರಿ.

ಫಲ ಮಿಶ್ರವಾದುದು. ಅನೇಕ ರಾಜ್ಯಗಳಲ್ಲಿ ಪ್ರಯೋಗಾಲಯಗಳು ಬೆಳೆದವು, ಯುವ ವಿಜ್ಞಾನಿಗಳು ನೆಲೆಯೂರಿದರು. ಆದರೆ ಪಟ್ಟಿಗೆ ಸೇರಿದ ರಾಜ್ಯಗಳಲ್ಲಿ ಅದರಿಂದ ಶಾಶ್ವತವಾಗಿ ಹೊರಬಂದವು ವಿರಳ. ರಾಜ್ಯಗಳ ನಡುವಣ ಅಂತರವನ್ನು ತಗ್ಗಿಸಲು ಬಂದ ಹಣ, ರಾಜ್ಯದೊಳಗೆ ಅತಿ ದೊಡ್ಡ ವಿಶ್ವವಿದ್ಯಾಲಯದಲ್ಲಿಯೇ ನಿಂತುಬಿಡುವುದೂ ಉಂಟು ಎಂಬ ಟೀಕೆಯಿದೆ. 2017ರಲ್ಲಿ ಕಾರ್ಯಕ್ರಮದ ಹೆಸರಿನಲ್ಲಿದ್ದ ‘ಪ್ರಾಯೋಗಿಕ’ ಎಂಬ ವಿಶೇಷಣವನ್ನು ತೆಗೆದು ‘ಸ್ಥಾಪಿತ’ ಎಂಬುದನ್ನು ಸೇರಿಸಲಾಯಿತು. ತಾತ್ಕಾಲಿಕವೆಂದುಕೊಂಡ ಅಸಮಾನತೆ ಅಷ್ಟು ಬೇಗ ತೊಲಗುವುದಿಲ್ಲವೆಂಬುದನ್ನು ಆ ಒಂದು ಪದದ ಬದಲಾವಣೆ ಹೇಳುತ್ತದೆ. 2022ರ ಶಾಸನವು 2029ರ ಹೊತ್ತಿಗೆ ಪ್ರತಿಷ್ಠಾನದ ಹಣದಲ್ಲಿ ಶೇಕಡಾ 20ರಷ್ಟು ಈ ರಾಜ್ಯಗಳ ಸಂಸ್ಥೆಗಳಿಗೆ ತಲುಪಬೇಕೆಂಬ ಗುರಿಯನ್ನು ಇರಿಸಿದೆ.

ಭಾರತದ ಸಂದರ್ಭ

ಭಾರತದಲ್ಲಿ ವಿಜ್ಞಾನದ ದೊಡ್ಡ ಕೇಂದ್ರವೆಂದೊಡನೆ ಬೆಂಗಳೂರಿನ ಹೆಸರು ಬರುತ್ತದೆ. ಆದರೆ ಬೆಂಗಳೂರು ಹುಟ್ಟಿನಿಂದಲೇ ವಿಜ್ಞಾನನಗರಿಯಾಗಿರಲಿಲ್ಲ. ಜಮಶೇಟಜಿ ಟಾಟಾ ಅವರ ಸಂಕಲ್ಪಕ್ಕೆ ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ನೀಡಿತು; 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪಿತವಾಯಿತು. ಅಂದು ಅಲ್ಲಿ ಸಾಧನೆಯ ದಾಖಲೆಯೇನೂ ಇರಲಿಲ್ಲ. ಕೊಟ್ಟದ್ದು ಮುಂದಿನ ನಿರೀಕ್ಷೆಗೆ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಹೀಗೆ ಒಂದರ ಬೆನ್ನಿಗೆ ಒಂದು ಬಂದವು. ಇಂದು ಬೆಂಗಳೂರು ಯೋಗ್ಯತೆಯ ಬಲದಿಂದ ಗಳಿಸುವ ಅನುದಾನಗಳ ಬುಡದಲ್ಲಿ ಯೋಗ್ಯತೆಯನ್ನು ಕೇಳದೆ ಕೊಟ್ಟ ಒಂದು ಕೆರೆಗೊಡಗೆ ಇದೆ ಎಂಬುದನ್ನು ಮರೆಯುವಂತಿಲ್ಲ.

ಸ್ವತಂತ್ರ ಭಾರತದಲ್ಲಿಯೂ ಸಾಮರ್ಥ್ಯಾನುದಾನದ ಕೆಲವು ಯೋಜನೆಗಳಿವೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2000ದಲ್ಲಿ ಆರಂಭಿಸಿದ ‘ಫಿಸ್ಟ್’ ಯೋಜನೆ ವಿಶ್ವವಿದ್ಯಾಲಯಗಳ ಮತ್ತು ಕಾಲೇಜುಗಳ ವಿಜ್ಞಾನ ವಿಭಾಗಗಳಿಗೆ ಉಪಕರಣ ಮತ್ತು ಮೂಲಸೌಕರ್ಯಗಳಿಗಾಗಿ ನೆರವು ನೀಡುತ್ತದೆ. ಜೈವಿಕ ತಂತ್ರಜ್ಞಾನ ಇಲಾಖೆಯ ‘ಸ್ಟಾರ್ ಕಾಲೇಜು’ ಯೋಜನೆ 2008ರಲ್ಲಿ ಆರಂಭವಾಯಿತು. ಅದರ ಲಕ್ಷ್ಯ ಪದವಿ ತರಗತಿಗಳ ವಿಜ್ಞಾನ ವಿಭಾಗಗಳು. 2023ರ ಶಾಸನದ ಮೂಲಕ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಅಸ್ತಿತ್ವಕ್ಕೆ ಬಂದಿತು. ಅದರ ಒಂದು ಕಾರ್ಯಕ್ರಮದಲ್ಲಿ, ಬಲಿಷ್ಠ ಸಂಸ್ಥೆಯೊಂದು ಗಾಲಿಯ ಗುಂಬದಂತೆ ನಡುವೆ ನಿಂತು, ರಾಜ್ಯ ವಿಶ್ವವಿದ್ಯಾಲಯಗಳು ಅದರ ಅರಗಳಂತೆ ಜೊತೆಗೂಡುವ ವ್ಯವಸ್ಥೆಯನ್ನು ಕಲ್ಪಿಸಲಾಗಿದೆ. ಈ ರೂಪಕದಲ್ಲಿಯೇ ಒಂದು ಎಚ್ಚರಿಕೆಯೂ ಅಡಗಿದೆ. ಅರಕ್ಕೆ ಸ್ವಂತ ಚಲನೆಯಿಲ್ಲ. ಏನನ್ನು ಸಂಶೋಧಿಸಬೇಕೆಂಬುದನ್ನು ಗುಂಬವೇ ತೀರ್ಮಾನಿಸಿದರೆ ಪ್ರದೇಶಕ್ಕೆ ಉಪಕರಣ ಬಂದೀತು, ಸಾಮರ್ಥ್ಯ ಬಾರದು.

ಕಾಸರಗೋಡಿನ ಎರಡು ಅಧ್ಯಾಯಗಳು

ಸಾಮರ್ಥ್ಯ ಎಂದರೇನು ಎಂಬುದಕ್ಕೆ ಕಾಸರಗೋಡಿನ ಚರಿತ್ರೆ ಎರಡು ಬಗೆಯ ಉತ್ತರಗಳನ್ನು ಕೊಡುತ್ತದೆ.

ಮೊದಲನೆಯದು ತೆಂಗಿನ ಕಥೆ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಲದಲ್ಲಿ, 1916ರಲ್ಲಿ, ಮದ್ರಾಸ್ ಸರ್ಕಾರವು ಇಲ್ಲಿ ತೆಂಗಿನ ಸಂಶೋಧನಾ ಕೇಂದ್ರವನ್ನು ಆರಂಭಿಸಿತು. 1932ರಲ್ಲಿ ನೀಲೇಶ್ವರದಲ್ಲಿ ಜೆ. ಎಸ್. ಪಟೇಲ್ ಅವರು ಎತ್ತರ ತಳಿಯನ್ನೂ ಗಿಡ್ಡ ತಳಿಯನ್ನೂ ಕೂಡಿಸಿ ಸಂಕರ ತೆಂಗನ್ನು ಪಡೆದರು. ಜಗತ್ತಿನ ತೆಂಗು ಸಂಶೋಧನೆಯಲ್ಲಿ ಇದು ಮೊದಲನೆಯದೆಂದು ಮಾನ್ಯವಾಗಿದೆ. ಕೇಂದ್ರ ತೆರೆದುದಕ್ಕೂ ಈ ಫಲಕ್ಕೂ ನಡುವಣ ಅಂತರ ಹದಿನಾರು ವರ್ಷ. ಎತ್ತರ ತಳಿಯ ಸಸಿಯೊಂದು ಫಲ ಬಿಡಲು ಆರೇಳು ವರ್ಷ ಬೇಕು. ತಳಿಯ ಗುಣವನ್ನು ನಿರ್ಣಯಿಸಲು ಇನ್ನೂ ಹಲವು ವರ್ಷ ಬೇಕು. ಮೂರು ವರ್ಷದ ಯೋಜನಾನುದಾನದಲ್ಲಿ ತೆಂಗಿನ ಮರ ತನ್ನ ಮೊದಲ ಹೊಂಬಾಳೆಯನ್ನೂ ತೋರಿಸಲಾರದು. ಇಂತಹ ಬೆಳೆಗೆ ನೆಲದಲ್ಲಿ ಬೇರೂರಿದ ಸಂಸ್ಥೆಯೇ ಬೇಕು.

ಆ ಸಂಸ್ಥೆಗೆ ಮುಂದೆ ಹಣ ಬಂದ ದಾರಿಯೂ ಗಮನಾರ್ಹ. 1944ರ ಭಾರತೀಯ ತೆಂಗು ಸಮಿತಿ ಶಾಸನದ ಮೂಲಕ ಗಿರಣಿಗಳು ಬಳಸುವ ಕೊಬ್ಬರಿಯ ಮೇಲೆ ಸುಂಕ ವಿಧಿಸಿ, ಅದನ್ನು ತೆಂಗಿನ ಅಭಿವೃದ್ಧಿಗೂ ಸಂಶೋಧನೆಗೂ ಬಳಸುವ ವ್ಯವಸ್ಥೆಯಾಯಿತು. ಬೆಳೆಯ ಹಣ ಬೆಳೆಯ ವಿಜ್ಞಾನಕ್ಕೇ ಮರಳಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅಡಕೆ ಸಂಶೋಧನಾ ಕೇಂದ್ರವಿರುವ ವಿಟ್ಲ ಮೈಸೂರು ರಾಜ್ಯದಲ್ಲಿ ಉಳಿಯಿತು. 1970ರಲ್ಲಿ ಈ ಕೇಂದ್ರಗಳನ್ನೆಲ್ಲ ಕೂಡಿಸಿ ಕಾಸರಗೋಡಿನಲ್ಲಿ ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ರೂಪುಗೊಂಡಿತು. 1972ರಲ್ಲಿ ವಿಟ್ಲದಿಂದ ಹೊರಬಂದ ‘ಮಂಗಳ’ ಅಡಕೆ ತಳಿ ಗಡಿಯ ಎರಡೂ ಬದಿಯ ತೋಟಗಳಲ್ಲಿ ನೆಲೆಸಿತು. ಆಡಳಿತದ ಗೆರೆ ಒಂದು ನಾಡನ್ನು ಎರಡಾಗಿಸಿದರೂ ಸಂಶೋಧನೆಯ ನೆಲೆ ಅದನ್ನು ಒಂದಾಗಿಯೇ ಕಂಡಿತು.

ಎರಡನೆಯದು ನೋವಿನ ಕಥೆ. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಕಾಸರಗೋಡು ಜಿಲ್ಲೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕವನ್ನು ಸಿಂಪಡಿಸಲಾಗುತ್ತಿತ್ತು. ಕನ್ನಡ, ತುಳು ಮತ್ತು ಮಲಯಾಳ ಮಾತಾಡುವ ಹಳ್ಳಿಗಳು ಆ ತೋಟಗಳ ಕೆಳಗಿನ ಕಣಿವೆಗಳಲ್ಲಿದ್ದವು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಮುಂತಾದ ಊರುಗಳಲ್ಲಿ ಮಕ್ಕಳ ಅಂಗವೈಕಲ್ಯ, ಬೆಳವಣಿಗೆಯ ಕುಂಠಿತ, ನರಸಂಬಂಧಿ ತೊಂದರೆಗಳು ಹೆಚ್ಚುತ್ತಿರುವುದನ್ನು ಅಲ್ಲಿನ ಜನರೂ ಸ್ಥಳೀಯ ವೈದ್ಯರೂ ಗಮನಿಸಿದರು. ಜೇನುಹುಳುಗಳು, ಮೀನುಗಳು ಸಾಯುವುದನ್ನು ಕೃಷಿಕರು ಕಂಡರು. ನೋಡುವ ಕಣ್ಣು ಊರಿನಲ್ಲಿತ್ತು. ಅಳೆಯುವ ಸಾಧನ ಇರಲಿಲ್ಲ.

ಊರಿನ ನೀರು, ಮಣ್ಣು, ರಕ್ತದ ಮಾದರಿಗಳು 2001ರಲ್ಲಿ ದೆಹಲಿಗೂ ತಮಿಳುನಾಡಿಗೂ ಪರೀಕ್ಷೆಗೆ ಹೋದವು. ಒಂದೆಡೆಯ ವರದಿ ವಿಷದ ಶೇಷ ಇದೆಯೆಂದಿತು, ಇನ್ನೊಂದೆಡೆಯ ವರದಿ ಅದಕ್ಕೆ ವಿರುದ್ಧವಾಗಿತ್ತು. ಬಳಿಕ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಬಂದು, ಪಡ್ರೆಯ ಶಾಲಾಮಕ್ಕಳನ್ನು ಸಿಂಪಡಣೆಗೆ ಒಳಗಾಗದ ಮೀಂಜದ ಮಕ್ಕಳೊಡನೆ ಹೋಲಿಸಿ ಅಧ್ಯಯನ ನಡೆಸಿತು. ಎಂಡೋಸಲ್ಫಾನ್ ಸಂಪರ್ಕಕ್ಕೂ ಬಾಲಕರ ದೈಹಿಕ ಪಕ್ವತೆ ತಡವಾಗುವುದಕ್ಕೂ ಸಂಬಂಧವಿರಬಹುದೆಂಬ ಅದರ ಫಲಿತಾಂಶ 2003ರಲ್ಲಿ ಅಂತಾರಾಷ್ಟ್ರೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕೀಟನಾಶಕವನ್ನು ದೇಶಾದ್ಯಂತ ತಡೆಹಿಡಿಯಿತು.

ಈ ವಿವಾದದಲ್ಲಿ ಮತ್ತೆ ಮತ್ತೆ ಎದ್ದ ಆಕ್ಷೇಪ ಒಂದೇ: ಸಿಂಪಡಣೆಗೆ ಮೊದಲು ಈ ಊರುಗಳ ಆರೋಗ್ಯ ಹೇಗಿತ್ತು ಎಂಬುದಕ್ಕೆ ದಾಖಲೆ ಎಲ್ಲಿದೆ? ಆಧಾರ ಮಾಹಿತಿ ಎಂದು ಕರೆಯಲಾಗುವ ಇಂತಹ ದಾಖಲೆಯನ್ನು ಹೊರಗಿನ ತಂಡ ಒಂದು ವಾರದಲ್ಲಿ ಬಂದು ತಯಾರಿಸಲಾಗದು. ಅದು ಸ್ಥಳೀಯ ಕಾಲೇಜು, ಆಸ್ಪತ್ರೆ, ಪ್ರಯೋಗಾಲಯಗಳು ವರ್ಷಾನುಗಟ್ಟಲೆ ಸದ್ದಿಲ್ಲದೆ ಮಾಡಬೇಕಾದ ಕೆಲಸ. ಅದೇ ಜಿಲ್ಲೆಯಲ್ಲಿ ದಶಕಗಳಿಂದ ಸಂಶೋಧನಾ ಕೇಂದ್ರವಿದ್ದಿತು. ಆದರೆ ಅದು ಬೆಳೆಯ ಪ್ರಶ್ನೆಗೆ ಕಟ್ಟಿದ ಕೇಂದ್ರ, ಮನುಷ್ಯನ ಆರೋಗ್ಯದ ಪ್ರಶ್ನೆಗೆ ಕಟ್ಟಿದ್ದಲ್ಲ. ಆದುದರಿಂದ ಪ್ರಾದೇಶಿಕ ಸಾಮರ್ಥ್ಯವೆಂದರೆ ಊರಿನಲ್ಲಿ ಒಂದು ಸಂಸ್ಥೆ ಇರುವುದಷ್ಟೇ ಅಲ್ಲ. ಊರು ತನ್ನ ಪ್ರಶ್ನೆಯನ್ನು ತಾನೇ ಕೇಳಿ, ತಾನೇ ಅಳೆದು, ಇತರರು ಪರೀಕ್ಷಿಸಬಹುದಾದ ರೂಪದಲ್ಲಿ ಮುಂದಿಡಬಲ್ಲ ಶಕ್ತಿ.

ಭಾಷೆಯೂ ಸಾಮರ್ಥ್ಯವೇ

ಕನ್ನಡದ ವಿದ್ಯಾರ್ಥಿಗಳಿಗೆ ಈ ಚರ್ಚೆಯಲ್ಲಿ ಏನು ಪಾಲು ಎಂಬ ಸಂದೇಹ ಬರಬಹುದು. ಅಡಕೆಯ ಕೊಳೆರೋಗದ ಉದಾಹರಣೆ ಅದಕ್ಕೆ ಉತ್ತರವಾಗಬಲ್ಲುದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದಾಗ, ತೋಟಗಾರರ ಬಾಯಲ್ಲಿದ್ದ ‘ಕೊಳೆರೋಗ’ವೆಂಬ ಹೆಸರನ್ನೇ ಉಳಿಸಿಕೊಂಡನು. ಕಾಫಿ ಗಿಡದ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರದ ಲ್ಯಾಟಿನ್ ಹೆಸರಿನಲ್ಲಿಯೂ ಈ ಕನ್ನಡ ಪದ ಸೇರಿಕೊಂಡಿದೆ. ಸಂಶೋಧನೆ ಜನರ ನಡುವೆ ನೆಲೆಸಿದಾಗ ಜನರ ಮಾತು ಶಾಸ್ತ್ರದ ಪರಿಭಾಷೆಯಾಗುತ್ತದೆ. ನೆಲೆಸದಿದ್ದಾಗ ಅದೇ ಜನರ ಮಾತು ಕಚೇರಿಯ ಕಡತದಲ್ಲಿ ‘ದೂರು’ ಎಂದಷ್ಟೇ ದಾಖಲಾಗುತ್ತದೆ. ಕೊಳೆರೋಗಕ್ಕೂ ಪಡ್ರೆಯ ಅಳಲಿಗೂ ನಡುವಿನ ವ್ಯತ್ಯಾಸ ಇದು.

ಅನುದಾನದ ಪ್ರಸ್ತಾವನೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಬರೆಯಲ್ಪಡುತ್ತವೆ. ಪ್ರಶ್ನೆಗಳು ಹುಟ್ಟುವುದು ಕನ್ನಡ, ತುಳು, ಮಲಯಾಳ, ಮರಾಠಿ, ತೆಲುಗು, ತಮಿಳುಗಳಲ್ಲಿ. ಈ ಎರಡರ ನಡುವೆ ಸೇತುವೆ ಕಟ್ಟಬಲ್ಲವರು ಭಾಷೆಯನ್ನು ಶಾಸ್ತ್ರೀಯವಾಗಿ ಕಲಿತವರೇ. ಕೃಷಿಕರು ಮಣ್ಣು, ಮಳೆ, ಕೀಟ, ರೋಗಗಳಿಗೆ ಇಟ್ಟ ಹೆಸರುಗಳನ್ನು ಊರು, ಕಾಲ, ಸಂದರ್ಭಗಳೊಡನೆ ಸಂಗ್ರಹಿಸುವುದು, ಆರೋಗ್ಯ ಸಮೀಕ್ಷೆಯ ಪ್ರಶ್ನಾವಳಿಯನ್ನು ಜನರಿಗೆ ಅರ್ಥವಾಗುವ ಮಾತಿನಲ್ಲಿ ರಚಿಸುವುದು, ಬಂದ ಫಲಿತಾಂಶವನ್ನು ಊರಿಗೆ ಮರಳಿ ತಿಳಿಸುವುದು ಇವು ವಿಜ್ಞಾನದ ಹೊರಗಿನ ಕೆಲಸಗಳಲ್ಲ. ಪ್ರಶ್ನಾವಳಿಯ ಒಂದು ಪದ ತಪ್ಪಾದರೆ ಉತ್ತರವೂ ತಪ್ಪಾಗುತ್ತದೆ. ತಪ್ಪು ಉತ್ತರವನ್ನು ಯಾವ ಉಪಕರಣವೂ ತಿದ್ದಲಾರದು. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ರಚಿಸಿದಾಗ ವಿಜ್ಞಾನವನ್ನು ಕನ್ನಡಕ್ಕೆ ತಂದರು. ಇಂದಿನ ಅಗತ್ಯ ಕನ್ನಡಿಗರ ಪ್ರಶ್ನೆಯನ್ನು ವಿಜ್ಞಾನಕ್ಕೆ ಒಯ್ಯುವುದು.

ಸಾಲೋಟಗಿಯ ದಾನಿಗಳು ದೀಪಕ್ಕೆ ಬೇರೆ ಭೂಮಿ ಬಿಟ್ಟರು. ಅನುದಾನದ ಅರ್ಥವನ್ನು ಪರಿಶೀಲಿಸುವಾಗಲೂ ಕೇಳಬೇಕಾದ ಪ್ರಶ್ನೆಗಳು ಅಂಥವೇ: ಉಪಕರಣ ಬಂದಿದೆಯೇ, ಅದನ್ನು ನಡೆಸುವ ಜನ ಇದ್ದಾರೆಯೇ, ಹತ್ತು ವರ್ಷದ ಬಳಿಕವೂ ಅದು ಉರಿಯುತ್ತಿರುತ್ತದೆಯೇ, ಆ ಬೆಳಕು ಯಾರ ಪ್ರಶ್ನೆಯ ಮೇಲೆ ಬೀಳುತ್ತಿದೆ?

ಅಭ್ಯಾಸಕ್ಕೆ

1. ನೆತ್ತರುಗೊಡಗೆ ಮತ್ತು ಕೆರೆಗೊಡಗೆಗಳ ಉದ್ದೇಶಭೇದವನ್ನು ವಿವರಿಸಿ, ಅದನ್ನು ಯೋಜನಾನುದಾನ ಮತ್ತು ಸಾಮರ್ಥ್ಯಾನುದಾನಗಳಿಗೆ ಅನ್ವಯಿಸಿರಿ. ಈ ಹೋಲಿಕೆ ಎಲ್ಲಿಯವರೆಗೆ ಸರಿಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ?

2. ಯೋಗ್ಯತೆಯನ್ನು ಮಾತ್ರ ಪರಿಗಣಿಸಿದರೂ ಅನುದಾನಗಳು ಕೆಲವೇ ಕೇಂದ್ರಗಳಲ್ಲಿ ಶೇಖರವಾಗುವುದೇಕೆ?

3. ಎಪ್ಸ್‌ಕೋರ್ ಕಾರ್ಯಕ್ರಮದ ಗುಣದೋಷಗಳನ್ನು ಚರ್ಚಿಸಿರಿ.

4. ನಿಮ್ಮ ಊರಿನ ಒಬ್ಬ ಕೃಷಿಕರನ್ನು ಅಥವಾ ಆರೋಗ್ಯ ಕಾರ್ಯಕರ್ತೆಯನ್ನು ಭೇಟಿಮಾಡಿ, ಉತ್ತರ ದೊರೆಯದೆ ಉಳಿದಿರುವ ಒಂದು ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ದಾಖಲಿಸಿರಿ. ಅದರಲ್ಲಿ ಬರುವ ವಿಶಿಷ್ಟ ಪದಗಳಿಗೆ ಅರ್ಥ ಬರೆದು, ಆ ಪ್ರಶ್ನೆಗೆ ಉತ್ತರ ಹುಡುಕಲು ಏನೇನನ್ನು ಅಳೆಯಬೇಕಾದೀತೆಂದು ಒಂದು ಪುಟದಲ್ಲಿ ವಿವರಿಸಿರಿ.